ಆಫೀಸು ಎಲ್ಲಿ, ಕ್ಯಾಂಟೀನ್ ಎಲ್ಲಿ? ಅಪಾಯದ ಸರಕಿರುವ ಕಾರ್ಖಾನೆಯಲ್ಲಿ ಜನ ಕೂರುವ ಕಟ್ಟಡಕ್ಕೆ ಜಾಗ ಆರಿಸುವುದು

ಹುಬ್ಬಳ್ಳಿಯ ತಾರಿಹಾಳದಲ್ಲೋ ಧಾರವಾಡದ ಬೇಲೂರಿನಲ್ಲೋ ಕೈಗಾರಿಕಾ ಪ್ಲಾಟ್ ಸಿಕ್ಕ ಕೂಡಲೇ ಶುರುವಾಗುವ ಮಾತು ಮಷೀನು, ಶೆಡ್ಡಿನ ಎತ್ತರ, ಕರೆಂಟ್ ಲೋಡ್, ಬ್ಯಾಂಕಿನ ಸಾಲ. ಆಫೀಸು, ಕ್ಯಾಂಟೀನು, ವಾಚ್‌ಮನ್ ರೂಮು ಇವೆಲ್ಲ ನಕ್ಷೆಯಲ್ಲಿ ಉಳಿದ ಮೂಲೆಗೆ ಹೋಗಿ ಕೂರುತ್ತವೆ. ಬರೀ ಕುರ್ಚಿ ಮೇಜು ಮಾಡುವವರಾದರೆ ಅದರಿಂದ ದೊಡ್ಡ ನಷ್ಟವಿಲ್ಲ. ಆದರೆ ಕಾಂಪೌಂಡಿನೊಳಗೆ ಅಮೋನಿಯಾ, ಎಲ್‌ಪಿಜಿ ಬುಲೆಟ್ (ಅಡ್ಡ ಮಲಗಿಸಿದ ದೊಡ್ಡ ಟ್ಯಾಂಕ್), ಎಥೆನಾಲ್ ಟ್ಯಾಂಕ್, ಕ್ಲೋರಿನ್ ಸಿಲಿಂಡರ್ ಅಥವಾ ಪಟಾಕಿ ಮದ್ದು ಇದೆ ಎಂದಾದರೆ ಆ ಉಳಿದ ಮೂಲೆಯೇ ಜೀವದ ಪ್ರಶ್ನೆ ಆಗುತ್ತದೆ.

ಸಾಮಾನ್ಯವಾಗಿ ಮುಂದಿರುವ ದಾರಿಗಳು ಐದು. ಪ್ಲಾಂಟಿಗೆ ಅಂಟಿಕೊಂಡೇ ಮಾಮೂಲಿ ಕಟ್ಟಡ. ಗೇಟಿನ ಕಡೆ, ದೂರದಲ್ಲಿ ಮಾಮೂಲಿ ಕಟ್ಟಡ. ಹತ್ತಿರವೇ, ಆದರೆ ಸ್ಫೋಟ ತಡೆಯುವಂಥ ಗಟ್ಟಿ ಕಟ್ಟಡ. ಆಫೀಸನ್ನೇ ಊರಿಗೆ ಒಯ್ಯುವುದು. ಇಲ್ಲಾ, ಸದ್ಯಕ್ಕೆ ಒಂದು ಪೋರ್ಟಾ ಕ್ಯಾಬಿನ್ ಇಟ್ಟು ಆಮೇಲೆ ನೋಡೋಣ ಅನ್ನುವುದು. ಕೊನೆಯದನ್ನು ಯಾರೂ ಆಯ್ಕೆ ಎಂದು ಹೇಳುವುದಿಲ್ಲ. ಆದರೆ ಜಾಸ್ತಿ ಜನ ಮಾಡುವುದು ಅದನ್ನೇ.

ಆರಿಸುವ ಮೊದಲು ಏನು ಅಳೆಯಬೇಕು

ಮೊದಲ ಪ್ರಶ್ನೆ ದೂರದ್ದಲ್ಲ, ಜನರದ್ದು. ಆ ಕಟ್ಟಡದಲ್ಲಿ ಯಾರು ಕೂರುತ್ತಾರೆ? ಅವರು ಅಲ್ಲೇ ಕೂರಬೇಕಾದ ಕೆಲಸ ಇದೆಯಾ?

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಬಿಪಿ ಕಂಪನಿಯ ರಿಫೈನರಿ ಸ್ಫೋಟಿಸಿ 15 ಜನ ಸತ್ತರು. ಸತ್ತವರೆಲ್ಲ ತಾತ್ಕಾಲಿಕ ಟ್ರೇಲರ್ ಆಫೀಸುಗಳ ಒಳಗೆ ಅಥವಾ ಅಕ್ಕಪಕ್ಕ ಇದ್ದವರು. ಸ್ಫೋಟಕ್ಕೆ ಕಾರಣವಾದ ಡ್ರಮ್ಮಿನಿಂದ ತೀರಾ ಹತ್ತಿರದ ಟ್ರೇಲರ್ ಸುಮಾರು 120 ಅಡಿ ದೂರದಲ್ಲಿತ್ತು. ಆ ಟ್ರೇಲರ್‌ಗಳನ್ನು ತಂದಿಟ್ಟಿದ್ದು ಪಕ್ಕದ ಇನ್ನೊಂದು ಯೂನಿಟ್ಟಿನ ರಿಪೇರಿ ಕೆಲಸಕ್ಕೆ. ಅಂದರೆ ಸಿಡಿದ ಯೂನಿಟ್ಟಿನ ಪಕ್ಕ ಅವರು ಇರಬೇಕಾದ ಕಾರಣವೇ ಇರಲಿಲ್ಲ. ಇದಾದ ಮೇಲೆಯೇ, 2007ರಲ್ಲಿ, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಇಂಥ ಎತ್ತಿಡುವ ಕಟ್ಟಡಗಳಿಗಾಗಿಯೇ 753 ಎಂಬ ಬೇರೆ ಮಾರ್ಗಸೂಚಿ ತಂದಿತು. ಕಾಯಂ ಕಟ್ಟಡಗಳಿಗೆ ಅವರದೇ 752 ಮೊದಲಿಂದಲೂ ಇತ್ತು.

ಎರಡನೆಯದು ಅಪಾಯದ ಬಗೆ. ಬೆಂಕಿ, ಸ್ಫೋಟ, ವಿಷದ ಗಾಳಿ ಈ ಮೂರೂ ಕಟ್ಟಡದ ಜೊತೆ ಬೇರೆ ಬೇರೆ ರೀತಿ ವರ್ತಿಸುತ್ತವೆ. ಬೆಂಕಿಯ ಶಾಖ ದೂರ ಹೋದಂತೆ ಬೇಗ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಶಾಖ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬರುತ್ತದೆ. ಗೋಡೆ ಅಡ್ಡ ಇದ್ದರೆ ಇನ್ನೂ ಒಳ್ಳೆಯದು. ವಿಷದ ಗಾಳಿಗೆ ದೂರ ಅಷ್ಟಾಗಿ ಔಷಧಿಯಲ್ಲ. ಅಲ್ಲಿ ಕೆಲಸ ಮಾಡುವುದು ಬಿಗಿಯಾದ ಕಿಟಕಿ ಬಾಗಿಲು, ಗಾಳಿಯ ದಿಕ್ಕು ಮತ್ತು ಹೊರಗೋಡುವ ದಾರಿ.

ಸ್ಫೋಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಇಲ್ಲಿ ನಮ್ಮ ಅಂದಾಜು ತಲೆಕೆಳಗಾಗಿರುತ್ತದೆ. ಕಟ್ಟಡದೊಳಗೆ ಇದ್ದವರು ಬಚಾವ್, ಬಯಲಲ್ಲಿ ಇದ್ದವರು ಹೋದರು ಅಂದುಕೊಳ್ಳುತ್ತೇವೆ. ಲೆಕ್ಕ ಹಾಗಿಲ್ಲ. ಸ್ಫೋಟದ ಒತ್ತಡವನ್ನು ಪಿಎಸ್‌ಐ, ಅಂದರೆ ಒಂದು ಚದರ ಇಂಚಿನ ಮೇಲೆ ಇಷ್ಟು ಪೌಂಡ್ ಭಾರ ಎನ್ನುವ ಲೆಕ್ಕದಲ್ಲಿ ಅಳೆಯುತ್ತಾರೆ. ಕಾರಿನ ಟಯರಿಗೆ ನಾವು ಹಾಕಿಸುವುದು 30ರ ಸುತ್ತ, ಹಾಗಾಗಿ 1 ಪಿಎಸ್‌ಐ ಅಂದರೆ ಏನು ಮಹಾ ಅನಿಸುತ್ತದೆ. ಆದರೆ 10 ಅಡಿ ಉದ್ದ, 10 ಅಡಿ ಎತ್ತರದ ಗೋಡೆಯ ಮೇಲೆ 1 ಪಿಎಸ್‌ಐ ಬಿದ್ದರೆ ಒಮ್ಮೆಲೇ ಆರೂವರೆ ಟನ್ ಭಾರ ತಳ್ಳಿದಂತೆ. ಅಷ್ಟಕ್ಕೆ ಕಿಟಕಿ ಗಾಜೆಲ್ಲ ಪುಡಿಯಾಗಿ ಮನೆ ವಾಸಕ್ಕೆ ಬಾರದಂತಾಗುತ್ತದೆ. 2ರಿಂದ 3ಕ್ಕೆ ಕಬ್ಬಿಣವಿಲ್ಲದ ಬ್ಲಾಕ್ ಗೋಡೆ ಒಡೆಯುತ್ತದೆ. ಬಯಲಲ್ಲಿ ನಿಂತ ಮನುಷ್ಯನಿಗೆ ಅದೇ 3 ಪಿಎಸ್‌ಐಗೆ ಏಟು ಬೀಳಬಹುದು, ಅವನು ಉರುಳಬಹುದು. ಆದರೆ ಒತ್ತಡವೊಂದರಿಂದಲೇ ಪುಪ್ಪುಸ ಹಾಳಾಗಲು ಅದರ ಹಲವು ಪಟ್ಟು ಬೇಕು. ಒಳಗೆ ಕೂತವನನ್ನು ಕೊಲ್ಲುವುದು ಸ್ಫೋಟವಲ್ಲ, ಅವನ ಮೇಲೆ ಬೀಳುವ ಗೋಡೆ, ಸ್ಲ್ಯಾಬು, ಗಾಜು.

ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ 1974ರ ಜೂನ್ 1ರಂದು ಸತ್ತ 28 ಜನರಲ್ಲಿ 18 ಜನ ಕಂಟ್ರೋಲ್ ರೂಮಿನಲ್ಲಿದ್ದವರು. ಆಫೀಸ್ ಕಟ್ಟಡವೂ ನೆಲಸಮವಾಯಿತು. ಅವತ್ತು ಶನಿವಾರವಾದ್ದರಿಂದ ಅದು ಖಾಲಿ ಇತ್ತು.

ಉಳಿದ ಅಳತೆಗಳು ಗಾಳಿ, ಇಳಿಜಾರು, ಹೊರಹೋಗುವ ದಾರಿ, ದುಡ್ಡು. ಒಂದೊಂದು ಆಯ್ಕೆಯ ಜೊತೆ ಅವನ್ನು ನೋಡೋಣ.

ಪ್ಲಾಂಟಿಗೆ ಅಂಟಿದ ಮಾಮೂಲಿ ಕಟ್ಟಡ

ಖರ್ಚು ಕಡಿಮೆ, ಕೇಬಲ್ ಗಿಡ್ಡ, ಸೂಪರ್‌ವೈಸರ್ ಕಣ್ಣೆದುರೇ ಇರುತ್ತಾನೆ. ಸಣ್ಣ ಪ್ಲಾಟಿನವರಿಗೆ ಇದೇ ಸಹಜ ಅನಿಸುತ್ತದೆ. ಸುಡುವ ಸರಕು ಒಂದೆರಡು ಡ್ರಮ್ ಮಾತ್ರ ಇದ್ದು, ನಡುವೆ ಬೆಂಕಿ ತಡೆಯುವ ಗೋಡೆ ಕಟ್ಟಿ, ಎದುರು ಬದಿಗೆ ಬಾಗಿಲು ಇಟ್ಟರೆ ನಡೆಯುತ್ತದೆ. ಗ್ಯಾಸ್ ಇದ್ದರೆ, ಸ್ಫೋಟಕ ಇದ್ದರೆ, ಇದನ್ನು ಪಟ್ಟಿಯಿಂದ ತೆಗೆದುಬಿಡಿ. ಕಣ್ಣೆದುರು ಇರಬೇಕು ಎನ್ನುವ ಕಾರಣಕ್ಕೆ ಕ್ಯಾಮೆರಾ ಇದೆ. ಅದು ಇವತ್ತು ಗೋಡೆಗಿಂತ ಅಗ್ಗ.

ಗೇಟಿನ ಕಡೆ, ದೂರದಲ್ಲಿ

ಹತ್ತರಲ್ಲಿ ಎಂಟು ಜನರಿಗೆ ನಾನು ಹೇಳುವುದು ಇದನ್ನೇ. ದೂರಕ್ಕೆ ಸಿಮೆಂಟು ಬೇಕಿಲ್ಲ. ಸ್ಫೋಟದ ಲೆಕ್ಕದಲ್ಲಿ ಇನ್ನೊಂದು ಲಾಭವಿದೆ: ಸಿಡಿಯುವ ಸರಕು ಎಂಟು ಪಟ್ಟಾದರೂ, ಅದೇ ಒತ್ತಡ ತಲುಪುವ ದೂರ ಬರೀ ಎರಡು ಪಟ್ಟಾಗುತ್ತದೆ. ತಿರುಗಿಸಿ ನೋಡಿದರೆ, ಆಫೀಸನ್ನು 20 ಮೀಟರಿನಿಂದ 40 ಮೀಟರಿಗೆ ಸರಿಸುವುದು ಟ್ಯಾಂಕಿನ ಸರಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸಿದಷ್ಟು ಕೆಲಸ ಮಾಡುತ್ತದೆ. ನಕ್ಷೆಯ ಹಂತದಲ್ಲಿ ಇದಕ್ಕೆ ತಗಲುವುದು ಒಂದು ರಬ್ಬರು, ಒಂದು ಪೆನ್ಸಿಲ್ಲು, ಮತ್ತು ಸ್ವಲ್ಪ ಉದ್ದದ ಕೇಬಲ್ಲು.

ಆದರೆ ದೂರ ಎಂದರೆ ಯಾವ ಕಡೆಗೆ? ಇಲ್ಲಿ ನಮ್ಮ ಸೀಮೆಯ ಗಾಳಿ ನೋಡಬೇಕು. ಹುಬ್ಬಳ್ಳಿ, ಧಾರವಾಡ, ಹಾವೇರಿಯಲ್ಲಿ ಮಳೆಗಾಲಕ್ಕೆ ಗಾಳಿ ಪಶ್ಚಿಮ, ನೈಋತ್ಯದಿಂದ ಜೋರಾಗಿ ಬರುತ್ತದೆ. ಗದಗದವರಿಗೆ ಇದನ್ನು ಹೇಳಬೇಕಿಲ್ಲ, ಕಪ್ಪತಗುಡ್ಡದ ಗಾಳಿಯಂತ್ರಗಳೇ ಸಾಕ್ಷಿ. ಚಳಿಗಾಲಕ್ಕೆ ಅದು ತಿರುಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಇಲ್ಲಿ ವಾಸ್ತುವಿನ ಮಾತು ಬಂದೇ ಬರುತ್ತದೆ. ಮಾಲೀಕರ ಕ್ಯಾಬಿನ್ ನೈಋತ್ಯಕ್ಕೇ ಬೇಕು ಅನ್ನುವವರಿಗೆ ಮಳೆಗಾಲವಿಡೀ ಗಾಳಿಯೂ ವಾಸ್ತುವೂ ಒಂದೇ ಮಾತು ಹೇಳುತ್ತವೆ: ಸೋರಿದ ಗ್ಯಾಸು ನಿಮ್ಮಿಂದ ಆಚೆಗೆ ಹೋಗುತ್ತದೆ. ನವೆಂಬರ್ ಬಂತೆಂದರೆ ಗಾಳಿ ಪಕ್ಷ ಬದಲಿಸುತ್ತದೆ, ವಾಸ್ತು ಅಲ್ಲೇ ಇರುತ್ತದೆ. ಚಳಿಗಾಲದ ರಾತ್ರಿ ಗಾಳಿ ಮಂದ, ಗ್ಯಾಸು ಚದುರುವುದಿಲ್ಲ, ನೆಲದ ಹತ್ತಿರವೇ ತೇಲುತ್ತದೆ. ಭೋಪಾಲದ ದುರಂತ ಆಗಿದ್ದೂ 1984ರ ಡಿಸೆಂಬರ್ 2ರ ನಡುರಾತ್ರಿಯೇ.

ಹಾಗಾಗಿ ಗಾಳಿ ಬರುವ ಕಡೆ ಕಟ್ಟಿ ಎನ್ನುವ ಒಂದು ಸಾಲಿನ ಸಲಹೆ ಸಾಲದು. ಎರಡೂ ಋತುವಿನ ಗಾಳಿ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಹಿಂದೆ ಮುಂದೆ ಓಡಾಡುವುದರಿಂದ, ಆ ಗೆರೆಗೆ ಅಡ್ಡವಾದ ಬದಿಗಳು ಒಳ್ಳೆಯವು. ನಮ್ಮಲ್ಲಿ ಅದು ಟ್ಯಾಂಕಿನ ವಾಯವ್ಯ ಅಥವಾ ಆಗ್ನೇಯ. ಗುಡ್ಡ ಇದ್ದರೆ, ಕೆರೆ ಇದ್ದರೆ ಇದು ಬದಲಾಗಬಹುದು. ಹವಾಮಾನ ಇಲಾಖೆಯ ಗಾಳಿಪಟ್ಟಿ ತರಿಸಿ ನೋಡಿ, ಪ್ಲಾಟಿನ ಕಂಬಕ್ಕೆ ಒಂದು ಗಾಳಿಚೀಲ ಕಟ್ಟಿ ಒಂದಿಷ್ಟು ದಿನ ಗಮನಿಸಿ.

ಇಳಿಜಾರು ಮರೆಯಬೇಡಿ. ಎಲ್‌ಪಿಜಿ, ಕ್ಲೋರಿನ್, ಎಥೆನಾಲ್ ಆವಿ ಮೂರೂ ಗಾಳಿಗಿಂತ ಭಾರ. ಅವು ನೀರಿನಂತೆ ತಗ್ಗಿಗೆ ಹರಿದು ಗಟಾರದಲ್ಲಿ, ಹಳ್ಳದಲ್ಲಿ ಮಲಗುತ್ತವೆ. ಅಮೋನಿಯಾ ಹಗುರ ಎಂದು ಪುಸ್ತಕ ಹೇಳುತ್ತದೆ, ನಿಜವೇ. ಆದರೆ ಮೈನಸ್ 33 ಡಿಗ್ರಿಗೆ ಕುದಿಯುವ ದ್ರವ ಒತ್ತಡದಿಂದ ಚಿಮ್ಮಿದಾಗ ತಣ್ಣನೆಯ ಮಂಜಾಗಿ ಅದೂ ಮೊದಲು ನೆಲಕ್ಕೇ ಇಳಿಯುತ್ತದೆ. ಆಫೀಸು, ಕ್ಯಾಂಟೀನು ಎತ್ತರದ ಬದಿಗಿರಲಿ.

ಈ ಆಯ್ಕೆಗೆ ಎರಡು ಕುಂದುಗಳಿವೆ. ಮೊದಲನೆಯದು, ಅದೇ ಕಾಂಪೌಂಡಿನ ಇನ್ನೊಂದು ಮೂಲೆ ಎಂದರೆ ತಾನಾಗಿ ಸುರಕ್ಷಿತ ಎಂದಲ್ಲ. ಜೈಪುರದ ಸೀತಾಪುರದಲ್ಲಿ 2009ರ ಅಕ್ಟೋಬರ್ 29ರಂದು ತೈಲ ಡಿಪೋದಲ್ಲಿ ಪೆಟ್ರೋಲ್ ಒಂದು ಗಂಟೆಗೂ ಮೇಲೆ ಚಿಮ್ಮಿ, ಆವಿ ಇಡೀ ಆವರಣಕ್ಕೆ ಹಬ್ಬಿದ ಮೇಲೆ ಕಿಡಿ ತಗುಲಿತು. 11 ಜನ ಸತ್ತರು. ಅಷ್ಟು ಹೊತ್ತು ಸೋರಿದರೆ ಮೂಲೆ ಯಾವುದಾದರೂ ಒಂದೇ. ದೂರದ ಜೊತೆಗೆ ಸೋರಿಕೆ ಹಿಡಿಯುವ ಡಿಟೆಕ್ಟರು, ಹೊರಗಿಂದಲೇ ಮುಚ್ಚುವ ವಾಲ್ವು ಇರಲೇಬೇಕು. ಎರಡನೆಯದು, ಗೇಟಿನ ಬಳಿ ಲಾರಿ, ಬೈಕು, ಬೀಡಿ, ಚಾ ಕುದಿಸುವ ಒಲೆ ಎಲ್ಲ ಸೇರುತ್ತವೆ. ಆವಿ ಅಲ್ಲಿಗೆ ತಲುಪಿದರೆ ಕಿಡಿ ಕಾಯುತ್ತಿರುತ್ತದೆ. ಆದ್ದರಿಂದ ಟ್ಯಾಂಕರ್ ಸರಕಿಳಿಸುವ ಜಾಗ ಗೇಟಿನ ಪಕ್ಕ ಬೇಡ. ಸೋರಿಕೆ ಜಾಸ್ತಿ ಆಗುವುದು ಹೋಸ್ ಪೈಪ್ ಜೋಡಿಸುವ, ಬಿಚ್ಚುವ ಹೊತ್ತಿಗೇ.

ಗೇಟು ಒಂದೇ ಇರುವ ಪ್ಲಾಟುಗಳು ನಮ್ಮಲ್ಲಿ ಬಹಳ. ಹಿಂದಿನ ಗೋಡೆಗೆ ಮನುಷ್ಯ ದಾಟುವಷ್ಟು ಒಂದು ಚಿಕ್ಕ ಬಾಗಿಲು ಇಡಿ, ಪಕ್ಕದ ಪ್ಲಾಟಿನವರ ಜೊತೆ ಮಾತಾಡಿಕೊಳ್ಳಿ. ಗಾಳಿ ಗೇಟಿನ ಕಡೆಗೇ ಬೀಸುತ್ತಿದ್ದರೆ ಜನ ಮತ್ತೆ ಯಾವ ಕಡೆ ಓಡಬೇಕು ಹೇಳಿ?

ಹತ್ತಿರವೇ, ಆದರೆ ಗಟ್ಟಿಯಾಗಿ

ಕೆಲವರು ಹತ್ತಿರ ಇರಲೇಬೇಕು. ಬಾಯ್ಲರ್, ಡಿಸ್ಟಿಲೇಶನ್ ನಡೆಸುವ ಆಪರೇಟರು ಎರಡು ನಿಮಿಷದಲ್ಲಿ ವಾಲ್ವಿನ ಹತ್ತಿರ ಹೋಗಬೇಕಾಗುತ್ತದೆ. ಅವರಿಗಾಗಿ ಕಬ್ಬಿಣ ತುಂಬಿದ ಕಾಂಕ್ರೀಟ್ ಗೋಡೆ, ಪ್ಲಾಂಟಿನ ಕಡೆ ಕಿಟಕಿಯೇ ಇಲ್ಲದ ಮುಖ, ಒಳಗೆ ತುಸು ಹೆಚ್ಚಿನ ಗಾಳಿಯೊತ್ತಡ, ಹೊರಗಾಳಿ ಎಳೆಯುವ ಕಿಂಡಿ ಎತ್ತರದಲ್ಲಿ ಮತ್ತು ಮುಚ್ಚಲು ಬರುವಂತೆ. ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯದ 163ನೇ ಮಾನದಂಡ ಇರುವುದೇ ಕಂಟ್ರೋಲ್ ರೂಮಿನ ಸುರಕ್ಷತೆಗೆ, 118ನೆಯದು ಲೇಔಟಿಗೆ. ಸಣ್ಣ ಕಾರ್ಖಾನೆಗೆ ಅವು ಕಡ್ಡಾಯವಲ್ಲದಿದ್ದರೂ ಎಂಜಿನಿಯರ್ ಅವನ್ನು ಓದಿರಲಿ.

ಖರ್ಚು ಮಾಮೂಲಿ ಕಟ್ಟಡದ ಹಲವು ಪಟ್ಟು. ಗದಗ, ನವಲಗುಂದ, ಹುಬ್ಬಳ್ಳಿಯ ಪೂರ್ವಕ್ಕೆ ಎರೆಮಣ್ಣು ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲದ ಮೇಲೆ ಇಷ್ಟು ಭಾರದ ಕಟ್ಟಡ ನಿಲ್ಲಿಸಲು ಅಡಿಪಾಯಕ್ಕೇ ಒಂದು ಬಜೆಟ್ ಬೇಕಾಗುತ್ತದೆ. ಧಾರವಾಡದ ಪಶ್ಚಿಮದ ಕೆಂಪು ನೆಲದಲ್ಲಿ ಆ ಭಾರ ಕಡಿಮೆ. ಇಷ್ಟು ಖರ್ಚು ಮಾಡುವವರು ಒಂದು ಆಸೆಗೆ ಬೀಳುತ್ತಾರೆ: ಹೇಗೂ ಗಟ್ಟಿ ಇದೆಯಲ್ಲ, ಮೇಲೊಂದು ಅಂತಸ್ತು ಎಬ್ಬಿಸಿ ಅಕೌಂಟ್ಸಿನವರನ್ನೂ ಕೂರಿಸೋಣ. ಬೇಡ. ಗಟ್ಟಿ ಕಟ್ಟಡ ಇರುವುದು ಅಲ್ಲಿಂದ ಕದಲಲಾಗದ ಮೂರ್ನಾಲ್ಕು ಜನರಿಗೆ. ಉಳಿದವರನ್ನು ಅಲ್ಲಿಗೆ ಕರೆತಂದರೆ ದುಡ್ಡೂ ಹೋಯಿತು, ಉದ್ದೇಶವೂ ಹೋಯಿತು.

ಆಫೀಸು ಊರಿಗೆ

ಬಿಲ್ಲು, ಜಿಎಸ್‌ಟಿ, ಸೇಲ್ಸು, ಎಚ್‌ಆರ್ ಇವು ಯಾವುದಕ್ಕೂ ಪ್ಲಾಂಟ್ ಕಾಣಬೇಕಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಗೋಕುಲ ರೋಡಿನಲ್ಲೋ ಬಾಡಿಗೆಗೆ ಒಂದು ಮಹಡಿ ಹಿಡಿದರೆ ಅಷ್ಟು ಜನ ಅಪಾಯದ ಲೆಕ್ಕದಿಂದಲೇ ಹೊರಗೆ. ಅಡ್ಡಿ ಎಂದರೆ ತಿಂಗಳ ಬಾಡಿಗೆ, ಓಡಾಟ, ಮತ್ತು ಮಾಲೀಕರು ಪ್ಲಾಂಟಿಗೆ ಬರುವುದು ಕಡಿಮೆಯಾಗುವುದು. ಕೊನೆಯದು ಸಣ್ಣ ಮಾತಲ್ಲ. ಯಜಮಾನ ಇಲ್ಲದ ಪ್ಲಾಂಟಿನಲ್ಲಿ ಸಣ್ಣ ಸೋರಿಕೆ ನಾಳೆಗೆ, ನಾಡಿದ್ದಿಗೆ ಅಂತ ಮುಂದೆ ಹೋಗುತ್ತದೆ.

ಪಕ್ಕದ ಪ್ಲಾಟಿಗೆ ಹೋಗುವುದನ್ನು ಮಾತ್ರ ಇದರ ಜೊತೆ ಸೇರಿಸಬೇಡಿ. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಡಿಪೋ 2005ರ ಡಿಸೆಂಬರ್ 11ರಂದು ಸಿಡಿದಾಗ ಕಾಂಪೌಂಡಿನ ಆಚೆಯ ಬೇರೆ ಕಂಪನಿಗಳ ಕಟ್ಟಡಗಳೂ ಹಾಳಾದವು. ಯಾರೂ ಸಾಯಲಿಲ್ಲ, ಯಾಕೆಂದರೆ ಅದು ಭಾನುವಾರ ಬೆಳಗಿನ ಆರು ಗಂಟೆ.

ಪೋರ್ಟಾ ಕ್ಯಾಬಿನ್

ಹಗುರ ತಗಡಿನ ಗೋಡೆ ಸ್ಫೋಟಕ್ಕೆ ತಡೆಯೇ ಅಲ್ಲ. ಶಾಖಕ್ಕೂ ಅಷ್ಟೇ. ಅದರ ಒಂದೇ ಒಳ್ಳೆಯ ಗುಣ ಎಂದರೆ ಎತ್ತಿ ಬೇರೆ ಕಡೆ ಇಡಬಹುದು. ಆ ಗುಣವನ್ನೇ ಯಾರೂ ಬಳಸುವುದಿಲ್ಲ. ಕೆಲಸ ನಡೆಯುವ ಜಾಗದ ಪಕ್ಕ ತಂದಿಡುತ್ತಾರೆ, ಎಸಿ ಹಾಕಿಸುತ್ತಾರೆ, ಮೂರು ವರ್ಷ ಕಳೆದರೂ ಅದು ಅಲ್ಲೇ. ಗುತ್ತಿಗೆದಾರರಿಗೆ ಕ್ಯಾಬಿನ್ ಬೇಕಾದರೆ ಜಾಗ ನೀವೇ ಗುರುತಿಸಿ ಕೊಡಿ, ಎತ್ತುವ ತಾರೀಖು ಬಾಗಿಲ ಮೇಲೆ ಬರೆಸಿ. ಪ್ಲಾಂಟ್ ಚಾಲೂ ಮಾಡುವಾಗ, ನಿಲ್ಲಿಸುವಾಗ ಅದರಲ್ಲಿ ಯಾರೂ ಇರಬಾರದು. ಟೆಕ್ಸಾಸ್ ಸಿಟಿಯಲ್ಲಿ ಸಿಡಿದದ್ದು ಯೂನಿಟ್ ಮತ್ತೆ ಚಾಲೂ ಮಾಡುವ ಹೊತ್ತಿಗೇ.

ಯಾರಿಗೆ ಯಾವುದು

ತಾರಿಹಾಳದಲ್ಲಿ ಅರ್ಧ ಎಕರೆ, ಎಲ್‌ಪಿಜಿಯ ಫರ್ನೇಸು, ಮೂವತ್ತು ನಲವತ್ತು ಜನ. ಅರ್ಧ ಎಕರೆ ಚೌಕ ಅಂದರೆ ಒಂದು ಬದಿ ಸುಮಾರು 45 ಮೀಟರ್, ಅಷ್ಟೇ. ಸ್ಫೋಟಕ ಇಲಾಖೆಯ ನಿಯಮದ ಅಂತರ, ಕೈಗಾರಿಕಾ ಪ್ಲಾಟ್ ಕೊಡುವ ಸರ್ಕಾರಿ ಮಂಡಳಿ ಕೆಐಎಡಿಬಿಯ ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ) ಎಲ್ಲ ಬಿಟ್ಟ ಮೇಲೆ ಆಟವಾಡಲು ಜಾಗ ಉಳಿಯುವುದಿಲ್ಲ. ಇಲ್ಲಿ ಕಟ್ಟಡ ಸರಿಸುವುದಕ್ಕಿಂತ ಸರಕು ಇಳಿಸುವುದು ಜಾಣತನ. ಚಿಕ್ಕ ಟ್ಯಾಂಕು, ಪದೇ ಪದೇ ತುಂಬಿಸುವುದು. ಅಕೌಂಟ್ಸು ಊರಿಗೆ, ಊಟದ ಜಾಗ ಗೇಟಿನ ಕಡೆ ಹಗುರ ಚಾವಣಿಯ ಕೆಳಗೆ. ಮೂವತ್ತು ಜನ ಒಟ್ಟಿಗೆ ಕೂರುವ ಊಟದ ಹೊತ್ತು ದಿನದಲ್ಲಿ ಅತಿ ತುಂಬಿದ ಹೊತ್ತು. ಆಫೀಸಿಗಿಂತ ಕ್ಯಾಂಟೀನಿಗೇ ಒಳ್ಳೆಯ ಜಾಗ ಸಿಗಬೇಕು, ಆಗುವುದು ಮಾತ್ರ ಉಲ್ಟಾ.

ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನವರ ಚಿಂತೆ ಬೇರೆ. ಅಲ್ಲಿ ಮುಖ್ಯ ಶತ್ರು ಅಮೋನಿಯಾ. ಗಾಳಿಯಲ್ಲಿ 300 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು ಆದರೆ ಜೀವಕ್ಕೆ ಕುತ್ತು. ಅದಕ್ಕೂ ಬಹಳ ಮೊದಲೇ ಮೂಗಿಗೆ ಗೊತ್ತಾಗುತ್ತದೆ, ಅದೊಂದು ಪುಣ್ಯ. ಸೀಸನ್ನಿನಲ್ಲಿ ಹಮಾಲರು, ರೈತರು, ಲಾರಿ ಡ್ರೈವರುಗಳು ತುಂಬಿರುತ್ತಾರೆ, ಮತ್ತು ಮೆಣಸಿನಕಾಯಿ ಆವಕ ಜೋರಾಗುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಅದರಲ್ಲಿ ಚಳಿಗಾಲದ ಭಾಗ ಗಾಳಿ ಮೂಡಣದಿಂದ ಬೀಸುವ, ರಾತ್ರಿ ಮಂದವಾಗುವ ಕಾಲ. ಹಾಗಾಗಿ ಕಂಪ್ರೆಸರ್ ರೂಮು, ರಿಸೀವರ್ (ಅಮೋನಿಯಾ ದ್ರವದ ಟ್ಯಾಂಕ್) ಇರುವ ಬದಿಯ ಪಶ್ಚಿಮಕ್ಕೆ ಹಮಾಲರ ವಿಶ್ರಾಂತಿ ಕಟ್ಟೆ, ತೂಕದ ಕಾಟಾ ಬೇಡ. ಉತ್ತರವೋ ದಕ್ಷಿಣವೋ ನೋಡಿ. ಆಪರೇಟರಿನ ಮೇಜು ಕಂಪ್ರೆಸರ್ ರೂಮಿನೊಳಗೆ ಇದ್ದರೆ ಹೊರಗೆ ತನ್ನಿ. ಗಟ್ಟಿ ಕಾಂಕ್ರೀಟು ಇಲ್ಲಿ ಮುಖ್ಯವಲ್ಲ, ರಬ್ಬರು ಪಟ್ಟಿ ಹಾಕಿದ ಬಿಗಿ ಕಿಟಕಿ ಮುಖ್ಯ. ಅಮೋನಿಯಾ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ನೀರಿನ ಸ್ಪ್ರೇ ಸಾಲು ಕಡಿಮೆ ಖರ್ಚಿನ ಒಳ್ಳೆಯ ರಕ್ಷಣೆ. ದ್ರವ ನಿಂತ ಗುಂಡಿಗೆ ಮಾತ್ರ ನೀರು ಹೊಡೆಯಬಾರದು, ಆವಿ ಇನ್ನೂ ಜಾಸ್ತಿ ಏಳುತ್ತದೆ.

ಹಾವೇರಿಯ ಗೋವಿನಜೋಳ ನಂಬಿ ಎಥೆನಾಲ್ ಪ್ಲಾಂಟ್ ಹಾಕುವವರಿಗೆ ಹತ್ತಾರು ಎಕರೆ ಇರುತ್ತದೆ. ಅವರಿಗೆ ದೂರವೂ ಬೇಕು, ಗಟ್ಟಿ ಕಂಟ್ರೋಲ್ ರೂಮೂ ಬೇಕು, ಎರಡಕ್ಕೂ ದುಡ್ಡಿದೆ. ಎಥೆನಾಲ್ ಸುಮಾರು 13 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಕೊಡುತ್ತದೆ, ಅಂದರೆ ನಮ್ಮಲ್ಲಿ ವರ್ಷವಿಡೀ. ಬೆಂಕಿ ಹಗಲಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಜೊತೆಗೆ ಜೋಳದ ಹಿಟ್ಟಿನ ಧೂಳೂ ಸಿಡಿಯಬಲ್ಲದು, ಹಾಗಾಗಿ ಹಿಟ್ಟಿನ ಗಿರಣಿಯ ಪಕ್ಕ ಲ್ಯಾಬು, ಬಟ್ಟೆ ಬದಲಿಸುವ ಕೋಣೆ ಇಡಬೇಡಿ.

ಪಟಾಕಿ, ಕಿಡಿ ಕಾರುವ ಮೇಣದಬತ್ತಿಯಂಥ ಮದ್ದಿನ ಕೆಲಸಕ್ಕೆ ಮೇಲಿನ ಯಾವ ಹೋಲಿಕೆಯೂ ಅನ್ವಯಿಸುವುದಿಲ್ಲ. 2022ರ ಜುಲೈನಲ್ಲಿ ತಾರಿಹಾಳದಲ್ಲಿ, 2023ರ ಆಗಸ್ಟಿನಲ್ಲಿ ಹಾವೇರಿ ಹತ್ತಿರದ ಆಲದಕಟ್ಟಿಯ ಗೋದಾಮಿನಲ್ಲಿ ಬೆಂಕಿ ಬಿದ್ದು ಕೆಲಸಗಾರರು ಸತ್ತದ್ದು ಈ ಭಾಗದವರಿಗೆ ಗೊತ್ತು. ಅಲ್ಲಿ ಒಂದೇ ದಾರಿ: ಸರಕನ್ನು ಚಿಕ್ಕ ಚಿಕ್ಕ ಬೇರೆ ಶೆಡ್ಡುಗಳಿಗೆ ಹಂಚುವುದು, ಒಂದೊಂದರಲ್ಲಿ ಕೆಲವೇ ಜನ, ನಡುವೆ ನಿಯಮ ಹೇಳುವ ಅಂತರ. ಲೈಸೆನ್ಸ್ ಇಲ್ಲದೆ, ಬಾಡಿಗೆ ಗೋಡೌನಿನಲ್ಲಿ ಈ ಕೆಲಸ ಮಾಡುವವರಿಗೆ ಸುರಕ್ಷಿತ ಮೂಲೆ ತೋರಿಸಲು ಆಗುವುದಿಲ್ಲ.

ನಕ್ಷೆಗೆ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ಒಪ್ಪಿಗೆ ಹೇಗೂ ಬೇಕು. ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಅಪಾಯಕಾರಿ ಕಾರ್ಖಾನೆಗಳ ಜಾಗ ಪರಿಶೀಲಿಸುವ ಸಮಿತಿಯನ್ನೂ ಸೇರಿಸಿದರು. ಆದರೆ ನಿಯಮದಲ್ಲಿರುವ ಅಂತರ ಕನಿಷ್ಠ ಅಂತರ. ಇಲಾಖೆಯವರು ಒಪ್ಪಿದರು ಎಂದರೆ ಕ್ಯಾಂಟೀನ್ ಜಾಗ ಒಳ್ಳೆಯದಿದೆ ಎಂದಲ್ಲ, ನಿಯಮಕ್ಕೆ ವಿರುದ್ಧವಾಗಿಲ್ಲ ಎಂದಷ್ಟೇ.

ಈಗಾಗಲೇ ಕಟ್ಟಿಯಾಗಿದೆ, ಒಡೆಯಲು ದುಡ್ಡಿಲ್ಲ ಅನ್ನುವವರು ಕಟ್ಟಡ ಬಿಟ್ಟು ಜನರನ್ನು ಸರಿಸಿ. ಪ್ಲಾಂಟಿಗೆ ಹತ್ತಿರದ ರೂಮನ್ನು ಸ್ಟೋರ್ ಮಾಡಿ, ದೂರದ ಸ್ಟೋರಿನಲ್ಲಿ ಆಫೀಸು ಇಡಿ. ಪ್ಲಾಂಟಿನ ಕಡೆಯ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿ, ಆಗದಿದ್ದರೆ ಗಾಜಿಗೆ ಚೂರು ಹಿಡಿಯುವ ಫಿಲ್ಮ್ ಅಂಟಿಸಿ, ಮೇಜನ್ನು ಕಿಟಕಿಯಿಂದ ಒಳಗೆ ಎಳೆಯಿರಿ. ಕ್ಯಾಂಟೀನಿನ ಸ್ಲ್ಯಾಬಿನ ಮೇಲೆ ಸಿಮೆಂಟಿನ ನೀರಿನ ಟ್ಯಾಂಕಿದ್ದರೆ ಇಳಿಸಿ ಬೇರೆ ಕಂಬಗಳ ಮೇಲೆ ಇಡಿಸಿ. ಟ್ಯಾಂಕರ್ ಸರಕಿಳಿಸುವ ಹೊತ್ತನ್ನು ಊಟದ ಹೊತ್ತಿನಿಂದ ಬೇರೆ ಮಾಡಿ. ಇವುಗಳಲ್ಲಿ ಅರ್ಧದಷ್ಟು ಕೆಲಸಕ್ಕೆ ಮೇಸ್ತ್ರಿಯೂ ಬೇಕಿಲ್ಲ.